ಸೆನ್ಸರ್ ಬದಲು ರೆಸಿಸ್ಟರ್ ಹಾಕಿ ಹೋಗ್ತಾರೆ, ಹುಷಾರು

ಮನೆಯಲ್ಲಿ ಹೀಟರ್ ಇರುವ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಇದ್ದವರು ದಯವಿಟ್ಟು ಓದಿ. ರಿಪೇರಿ ಆದ ಮೇಲೆ ಬಾಗಿಲಿನ ಗಾಜು ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅದನ್ನು ಮತ್ತೆ ಓಡಿಸಲೇಬೇಡಿ.

ನಮ್ಮ ಮಷೀನ್ ತಣ್ಣೀರಿನಲ್ಲಿ ಚೆನ್ನಾಗೇ ಓಡುತ್ತಿತ್ತು. ಬಿಸಿ ನೀರಿನ ವಾಶ್ ಹಾಕಿದರೆ ಮಾತ್ರ ಎರರ್ ತೋರಿಸಿ ನಿಂತುಬಿಡುತ್ತಿತ್ತು. ವಾರಂಟಿ ಮುಗಿದಿತ್ತು. ಅಮ್ಮ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಹಿಂದಿನ ಕವರ್ ಬಿಚ್ಚಿ ಏನೋ ಮಾಡಿ, "ಸೆನ್ಸರ್ ಹೋಗಿತ್ತು ಆಂಟಿ, ಹೊಸದು ಹಾಕಿದೀನಿ" ಎಂದು ದುಡ್ಡು ಇಸ್ಕೊಂಡು ಹೋದ. ಬಿಲ್ ಇಲ್ಲ, ಹಳೇ ಸೆನ್ಸರೂ ಕೊಡಲಿಲ್ಲ. ಎರರ್ ಮಾತ್ರ ಮಾಯ.

ಆಮೇಲೆ 40 ಡಿಗ್ರಿಗೆ ಇಟ್ಟ ವಾಶ್‌ನಲ್ಲಿ ಸೋಪ್ ಹಾಕುವ ಟ್ರೇ ಸಂದಿಯಿಂದ ಹಬೆ ಬರಲು ಶುರುವಾಯಿತು. ಬಿಸಿ ರಬ್ಬರ್ ವಾಸನೆ. ಅಪ್ಪನ ಬಿಳಿ ಪಂಚೆಗಳೆಲ್ಲ ಕೆಂಪು ಟವೆಲ್ ಬಣ್ಣ ಕುಡಿದಿದ್ದವು. ಫೋನ್ ಮಾಡಿದರೆ ಆ ಪುಣ್ಯಾತ್ಮ, "ಬಿಸಿ ನೀರಿಗೆ ಹಾಕಿದ್ರೆ ಬಿಸಿ ಆಗ್ದೆ ಇನ್ನೇನಾಗತ್ತೆ?" ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ನಾನೇ ಕವರ್ ಬಿಚ್ಚಿದೆ. ಡ್ರಮ್ ಕೆಳಗೆ ಹೀಟರ್‌ನ ಎರಡು ಟರ್ಮಿನಲ್ (ವೈರ್ ಸಿಕ್ಕಿಸುವ ತುದಿ) ನಡುವೆ ನೀರಿನ ಬಿಸಿ ಅಳೆಯುವ ಚಿಕ್ಕ ಸೆನ್ಸರ್ ಕೂತಿರುತ್ತದೆ, ಥರ್ಮಿಸ್ಟರ್ ಅಂತಾರೆ. ನಮ್ಮದರಲ್ಲಿ ಹಳೆಯದೇ ಇತ್ತು, ಅದರ ವೈರ್ ಕತ್ತರಿಸಿತ್ತು. ಮಷೀನ್ ನಡೆಸುವ ಸರ್ಕ್ಯೂಟ್ ಬೋರ್ಡ್ ಕಡೆಯ ವೈರ್ ತುದಿಯ ಕಪ್ಪು ಟೇಪ್ ಬಿಚ್ಚಿದರೆ ಒಳಗೆ ಅಕ್ಕಿ ಕಾಳಿಗಿಂತ ತುಸು ದೊಡ್ಡ ರೆಸಿಸ್ಟರ್, ಕರೆಂಟಿಗೆ ಒಂದೇ ಅಳತೆಯ ತಡೆ ಒಡ್ಡುವ ಪುಟ್ಟ ಪಾರ್ಟ್. ಕಂದು, ಕಪ್ಪು, ಕಿತ್ತಳೆ ಪಟ್ಟಿ. ಆ ಬಣ್ಣಗಳ ಅರ್ಥ 10 ಕಿಲೋ ಓಮ್ (ಓಮ್ ಅಂದರೆ ಆ ತಡೆಯ ಅಳತೆ).

ಇದು ಯಾಕೆ ಅಪಾಯ ಅಂದರೆ, ನೀರು ಬಿಸಿಯಾದ ಹಾಗೆ ಥರ್ಮಿಸ್ಟರ್‌ನ ಓಮ್ ಕಡಿಮೆಯಾಗುತ್ತಾ ಹೋಗಬೇಕು. ಬೋರ್ಡ್ ಅದನ್ನು ನೋಡಿಯೇ ಹೀಟರ್ ಆಫ್ ಮಾಡೋದು. ರೆಸಿಸ್ಟರ್ ಸುಮ್ನೆ 10 ಕಿಲೋ ಓಮ್‌ನಲ್ಲೇ ಕೂತಿರುತ್ತದೆ. ನೀರು ಎಷ್ಟೇ ಕಾದರೂ ನಮ್ಮ ಮಾಡೆಲ್‌ನ ಬೋರ್ಡಿಗೆ ಅದು ಯಾವಾಗಲೂ 25 ಡಿಗ್ರಿ ಆಸುಪಾಸು ಅಂತಲೇ ಕಾಣುತ್ತದೆ. ಹೀಗಾಗಿ ಹೀಟರ್ ಕಾಯಿಸುತ್ತಲೇ ಇರುತ್ತದೆ. ಸಾಮಾನ್ಯವಾಗಿ 2000 ವಾಟ್ ಹೀಟರ್ ಅದು, ಸುಮಾರು 9 ಆಂಪಿಯರ್ ಎಳೆಯುತ್ತದೆ. ಅಂಥದ್ದನ್ನು ಸಾದಾ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದ್ದರೆ ಕಥೆ ಮುಗೀತು.

ಮಲ್ಟಿಮೀಟರ್‌ನಲ್ಲಿ ಎರಡು ವೈರೂ ಬಿಚ್ಚಿ ಹೀಟರ್ ನೋಡಿದೆ. 26 ಓಮ್ ಆಸುಪಾಸು ತೋರಿಸಿತು, ಸರಿ ಇದೆ. ಟರ್ಮಿನಲ್‌ನಿಂದ ಹೀಟರ್‌ನ ಲೋಹದ ಮೈಗೆ ಸಂಪರ್ಕ ಇದೆ ಅಂತ ಮೀಟರ್ ತೋರಿಸಬಾರದು. ತೋರಿಸಿದರೆ ಶಾಕ್ ಹೊಡೆಯುತ್ತದೆ, ಹೀಟರ್ ಬದಲಾಯಿಸಲೇಬೇಕು. ಹೀಟರ್ ಮೇಲೆ ಸುಣ್ಣದ ಪದರ ಕಟ್ಟಿತ್ತು. ಬೋರ್‌ವೆಲ್ ನೀರಿನ ಪ್ರಸಾದ, ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ನಮ್ಮ ಮಾಡೆಲ್‌ಗೆ ಹೊಂದುವ ಥರ್ಮಿಸ್ಟರ್ ಸಿಕ್ಕಿತು. ಮೆಕ್ಯಾನಿಕ್ ಇಸ್ಕೊಂಡದ್ದಕ್ಕೆ ಹೋಲಿಸಿದರೆ ಅದರ ಬೆಲೆ ಏನೇನೂ ಅಲ್ಲ. ಹಾಕುವ ಮೊದಲು ಅದರ ತುದಿಯನ್ನು ಬಿಸಿ ನೀರಿನ ಲೋಟದಲ್ಲಿ ಅದ್ದಿ ಮೀಟರ್ ನೋಡಿ. ಓಮ್ ಸರಸರ ಇಳಿಯಬೇಕು. ಅಳತೆ ಮಾಡೆಲ್‌ಗೆ ತಕ್ಕ ಹಾಗೆ ಬೇರೆ ಬೇರೆ ಇರುತ್ತದೆ, ಆದರೆ ಇಳಿಯದೆ ಇದ್ದರೆ ಅದು ಕೆಲಸಕ್ಕೆ ಬಾರದು.

ಮೆಕ್ಯಾನಿಕ್‌ನನ್ನು ಕರೆಸಿದರೆ ಹಳೇ ಪಾರ್ಟ್ ಕೈಗೆ ಕೊಡಿ ಅಂತ ಮೊದಲೇ ಹೇಳಿ. ಬಿಲ್‌ನಲ್ಲಿ ಪಾರ್ಟ್ ಹೆಸರು ಬರೆಸಿ. ಅವನು ಕವರ್ ಮುಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಅವನು ಗೊಣಗಿದರೆ ಗೊಣಗಲಿ.

ತಣ್ಣೀರಿನ ವಾಶ್‌ನಲ್ಲೂ ನೀರು ಕಾಯುತ್ತಿದ್ದರೆ ಅದು ಸೆನ್ಸರ್ ತೊಂದರೆ ಅಲ್ಲ, ಬೋರ್ಡ್‌ನಲ್ಲಿ ಹೀಟರ್ ರಿಲೇ (ಹೀಟರ್ ಆನ್-ಆಫ್ ಮಾಡುವ ಸ್ವಿಚ್) ಆನ್ ಆಗಿಯೇ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಒಳಗಿನ ನೀರು ಪೂರ್ತಿ ತಣ್ಣಗಾಗುವವರೆಗೆ ಕೆಳಗಿನ ಫಿಲ್ಟರ್ ಮುಚ್ಚಳ ತಿರುಗಿಸಬೇಡಿ, ಕುದಿಯುವ ನೀರು ನೇರ ಕಾಲ ಮೇಲೆ ಬೀಳುತ್ತದೆ.