ಬೇಸಿಗೆಯಲ್ಲಿ ನೋಡಿ ಕೊಂಡ ಮನೆ: ಹೊರಮಾವು, ವಿದ್ಯಾರಣ್ಯಪುರ ಮತ್ತು ನಮ್ಮ ತಪ್ಪು ಲೆಕ್ಕ

2019ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸ್ವಂತ ಮನೆ ಮಾಡಿಕೊಳ್ಳಬೇಕೆಂದು ಹೊರಟಾಗ ಕೊನೆಗೆ ಎರಡು ಫ್ಲ್ಯಾಟುಗಳು ನಮ್ಮ ಮುಂದೆ ಉಳಿದಿದ್ದವು. ಒಂದು ವಿದ್ಯಾರಣ್ಯಪುರದಲ್ಲಿ, ಹದಿನೈದು ವರ್ಷ ಹಳೆಯ ಕಟ್ಟಡದಲ್ಲಿ, 1,050 ಚದರಡಿಯದು. ಬೆಲೆ 64 ಲಕ್ಷ ರೂಪಾಯಿ. ಇನ್ನೊಂದು ಹೊರಮಾವಿನ ಒಳಭಾಗದ ಬಡಾವಣೆಯಲ್ಲಿ, ಆಗಷ್ಟೇ ಬಣ್ಣ ಬಳಿದು ಮುಗಿಸಿದ ಕಟ್ಟಡದ ಮೂರನೆಯ ಮಹಡಿಯಲ್ಲಿ, 1,420 ಚದರಡಿಯದು. ಬೆಲೆ 62 ಲಕ್ಷ. ನಾವು ಎರಡನೆಯದನ್ನು ಕೊಂಡೆವು. ಆ ನಿರ್ಧಾರಕ್ಕಾಗಿ ಆರು ವರ್ಷಗಳಿಂದ ಬೆಲೆ ತೆರುತ್ತಿದ್ದೇವೆ. ನಮ್ಮ ಹಾಗೆ ಎರಡು ಬಡಾವಣೆಗಳ ನಡುವೆ ತೂಗುತ್ತಿರುವವರು ನಾವು ನೋಡದೆ ಬಿಟ್ಟದ್ದನ್ನಾದರೂ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಅವಸರಪಟ್ಟವರೇನಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಮಾನ್ಯತಾ ಟೆಕ್ ಪಾರ್ಕಿನಲ್ಲಿರುವ ನನ್ನ ಪತಿಯ ಕಚೇರಿಗೆ ಎಷ್ಟು ದೂರ, ಮಗಳ ಶಾಲೆಗೆ ಎಷ್ಟು, ಅತ್ತೆಯವರಿಗೆ ನಡೆದಾಡಲು ಉದ್ಯಾನವಿದೆಯೇ, ಬಾಲ್ಕನಿ ಎಷ್ಟು ಎಂದೆಲ್ಲ ಎರಡು ಕಡೆಯದನ್ನೂ ಬರೆದುಕೊಂಡಿದ್ದೆವು. ವಿದ್ಯಾರಣ್ಯಪುರದಿಂದ ಕಚೇರಿಗೆ ಹೋಗಲು ಹೆಬ್ಬಾಳದ ದಟ್ಟಣೆಯನ್ನು ದಿನವೂ ದಾಟಬೇಕೆಂಬುದು ನಮ್ಮನ್ನು ಹೆದರಿಸಿತು. ನೀರಿನ ಸಾಲಿನಲ್ಲಿ ವಿದ್ಯಾರಣ್ಯಪುರದ ಮುಂದೆ ‘ಕಾವೇರಿ, ದಿನ ಬಿಟ್ಟು ದಿನ’ ಎಂದು ಬರೆದಿದ್ದೆ. ಹೊರಮಾವಿನ ಮುಂದೆ, ಮಧ್ಯವರ್ತಿ ಹೇಳಿದ್ದನ್ನೇ ನಂಬಿ, ‘ಬೋರ್‌ವೆಲ್ ಇದೆ, ಕಾವೇರಿ ಸದ್ಯದಲ್ಲೇ ಬರುತ್ತದೆ’ ಎಂದು ಬರೆದೆ. ಆ ಪುಟ ಈಗಲೂ ನನ್ನ ಬಳಿ ಇದೆ.

ಬರೆದುಕೊಳ್ಳದೆ ಬಿಟ್ಟದ್ದು ಇನ್ನೊಂದಿತ್ತು. ಹೊರಮಾವಿನ ಆ ರಸ್ತೆಯ ತಿರುವಿನಲ್ಲಿ ಒಂದು ಕಿರಾಣಿ ಅಂಗಡಿಯಿದೆ. ಮನೆ ನೋಡಲು ಹೋದ ದಿನ ಮಗಳಿಗೆ ಮಜ್ಜಿಗೆ ಕೊಡಿಸಲು ಅಲ್ಲಿಗೆ ಹೋಗಿದ್ದೆವು. ಅಂಗಡಿಯ ಫ್ರಿಜ್ಜನ್ನು ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದರು, ಅಕ್ಕಿ ಮೂಟೆಗಳನ್ನು ಸೊಂಟದೆತ್ತರದ ಹಲಗೆಯ ಮೇಲೆ ಜೋಡಿಸಿದ್ದರು, ಬಾಗಿಲಿಗೆ ಅಡ್ಡಲಾಗಿ ಮೊಣಕಾಲೆತ್ತರದ ಗಾರೆಯ ಕಟ್ಟೆಯಿತ್ತು. ಮಗಳು ಆ ಕಟ್ಟೆಯನ್ನು ಎಡವಿ ಬಿದ್ದಳು. ಅಂಗಡಿಯಾಕೆ ಅವಳನ್ನು ಎತ್ತಿ ನಿಲ್ಲಿಸಿ, “ಮಳೆ ಬಂದಾಗ ಬೇಕಾಗುತ್ತಮ್ಮ” ಎಂದರು. ನಾನು ನಕ್ಕು ಹಣ ಕೊಟ್ಟು ಬಂದೆ. ಆ ಬಡಾವಣೆಯಲ್ಲಿ ನಮಗೆ ನಿಜ ಹೇಳಿದವರು ಅವರೊಬ್ಬರೇ.

ಬೆಂಗಳೂರಿನಲ್ಲಿ ನದಿಯಿಲ್ಲ, ಎತ್ತರದ ಊರು, ಇಲ್ಲೆಂಥ ಪ್ರವಾಹ ಎಂದು ನಾವು ನಂಬಿದ್ದೆವು. ಆದರೆ ಈ ಊರಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ, ಕೆರೆಯಿಂದ ಕೆರೆಗೆ ರಾಜಕಾಲುವೆಗಳೆಂಬ ದೊಡ್ಡ ಮಳೆನೀರು ಕಾಲುವೆಗಳ ಮೂಲಕ ಇಳಿಯುತ್ತದೆ. ಹೊರಮಾವಿನ ತಗ್ಗು ಪ್ರದೇಶಗಳು ಹೆಬ್ಬಾಳ ಕಣಿವೆಯ ಕೆಳದಾರಿಯಲ್ಲಿವೆ. ಮೇಲಿನಿಂದ ಬಂದ ನೀರು ರೈಲು ಹಳಿಯ ಕೆಳಗಿನ ಕಿರಿದಾದ ಕಿಂಡಿಯಲ್ಲಿ ಹಾದುಹೋಗಲಾರದೆ ಹಿಂದಕ್ಕೆ ನಿಂತುಬಿಡುತ್ತದೆ. 2022ರ ಮಳೆಯಲ್ಲಿ ಮೊದಲ ಬಾರಿಗೆ ನಮ್ಮ ನೆಲಮಾಳಿಗೆ ತುಂಬಿತು. 2025ರ ಮೇ 18ರ ರಾತ್ರಿಯ ಮಳೆಯ ನಂತರವಂತೂ ಮೂರು ದಿನ ವಿದ್ಯುತ್ ಇರಲಿಲ್ಲ, ಲಿಫ್ಟಿನ ಗುಂಡಿಯಲ್ಲಿ ನೀರು, ಸಂಪಿನೊಳಗೆ ಚರಂಡಿಯ ನೀರು. ಮಂಡಿನೋವಿನ ಅತ್ತೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿ, ಟ್ರ್ಯಾಕ್ಟರಿನಲ್ಲಿ ಮುಖ್ಯರಸ್ತೆಗೆ ಕರೆದೊಯ್ದೆವು. ಅವರು ಒಂದು ಮಾತೂ ಆಡಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಕುಡಿಯುವ ನೀರಿನದು ಬೇರೆಯೇ ಕಥೆ. ಹೊರವಲಯದ 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವುಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ‘ಸದ್ಯದಲ್ಲೇ’ ಎಂಬ ಮಾತಿಗೆ ಹದಿನೇಳು ವರ್ಷಗಳ ಅಗಲವಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ನಮ್ಮ ಎರಡೂ ಬೋರ್‌ವೆಲ್ ಬತ್ತಿದ್ದವು. ಐದು ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿದ ಮೇಲೂ ಆ ದರಕ್ಕೆ ನಮ್ಮ ರಸ್ತೆಗೆ ಒಂದು ಟ್ಯಾಂಕರ್ ಬರಲಿಲ್ಲ. ಎರಡರಷ್ಟು ಕೊಟ್ಟು ತರಿಸಿಕೊಂಡೆವು. ಒಂದೇ ವಿಳಾಸದಲ್ಲಿ ಮಾರ್ಚ್‌ನಲ್ಲಿ ನೀರಿಲ್ಲದೆ, ಮಳೆಗಾಲದಲ್ಲಿ ನೀರು ಹೆಚ್ಚಾಗಿ ಒದ್ದಾಡಿದ್ದೇವೆ.

ಕಾಗದಪತ್ರಗಳ ವಿಷಯದಲ್ಲೂ ನಮಗೆ ಸೂಚನೆ ಸಿಕ್ಕಿತ್ತು. ಕಟ್ಟಡಕ್ಕಿದ್ದದ್ದು ಬಿ ಖಾತಾ, ಅಂದರೆ ನಿಯಮಗಳಿಗೆ ಪೂರ್ತಿ ಒಳಪಡದ ಆಸ್ತಿಗಳನ್ನು ತೆರಿಗೆಗಾಗಿ ಪಾಲಿಕೆ ದಾಖಲಿಸಿಕೊಳ್ಳುವ ಖಾತೆ. ನಾವು ಮೊದಲು ಹೋದ ರಾಷ್ಟ್ರೀಕೃತ ಬ್ಯಾಂಕು ಸಾಲ ಕೊಡಲಾಗದೆಂದಿತು. ಆಗಲೇ ಹಿಂದೆ ಸರಿಯಬೇಕಿತ್ತು. ಅದರ ಬದಲು ಮಧ್ಯವರ್ತಿ ತೋರಿಸಿದ ಖಾಸಗಿ ಹಣಕಾಸು ಸಂಸ್ಥೆಯಲ್ಲಿ ಶೇಕಡ ಒಂದೂವರೆ ಹೆಚ್ಚು ಬಡ್ಡಿಗೆ ಸಾಲ ಮಾಡಿದೆವು. ನಕ್ಷೆಯಲ್ಲಿ ಇಲ್ಲದ ಒಂದು ಮಹಡಿಯನ್ನು ಬಿಲ್ಡರ್ ಏರಿಸಿದ್ದರಿಂದ ಕಟ್ಟಡದಲ್ಲಿ ವಾಸಿಸಲು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ಇಂದಿಗೂ ಬಂದಿಲ್ಲ. ಬ್ಯಾಂಕಿನ ಕಾನೂನು ಸಲಹೆಗಾರರು ಬೇಡವೆಂದ ಮನೆಯನ್ನು, ದಯವಿಟ್ಟು, ಬೇರೆ ಬಾಗಿಲು ಹುಡುಕಿ ಕೊಳ್ಳಬೇಡಿ.

ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು, ನೀವು ಕೊಳ್ಳಲಿರುವ ಜಾಗದಲ್ಲೇ ನಿಂತು ನೋಡಿದರೆ ಸರ್ವೆ ನಂಬರ್ ಕಾಣುತ್ತದೆ. ಅದನ್ನು ಹಳೆಯ ಗ್ರಾಮ ನಕಾಶೆಯೊಂದಿಗೆ ಹೋಲಿಸಿದರೆ ಕೆರೆ, ಕಾಲುವೆಗಳು ಎಲ್ಲಿದ್ದವೆಂದು ತಿಳಿಯುತ್ತದೆ. ನಾವು ಮನೆ ಕೊಂಡಾಗ, ನಗರದ ‘ಪರಿಷ್ಕೃತ ಮಹಾಯೋಜನೆ 2015’ರ ಪ್ರಕಾರ ಕೆರೆಯಿಂದ 30 ಮೀಟರ್, ರಾಜಕಾಲುವೆಯ ದರ್ಜೆಗೆ ತಕ್ಕಂತೆ ಅದರ ಮಧ್ಯಭಾಗದಿಂದ 50, 25 ಅಥವಾ 15 ಮೀಟರ್ ಜಾಗ ಬಿಡಬೇಕಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರವನ್ನು ಹೆಚ್ಚಿಸಿತ್ತು. 2019ರ ಮಾರ್ಚ್‌ನಲ್ಲಿ, ನಾವು ಮನೆ ನೋಡುತ್ತಿದ್ದ ತಿಂಗಳಲ್ಲೇ, ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಮಾರುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ.

ಹೊರಮಾವು ಕೆಟ್ಟದ್ದು, ವಿದ್ಯಾರಣ್ಯಪುರ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ನಮ್ಮಿಂದ ಅರ್ಧ ಕಿಲೋಮೀಟರ್ ದೂರದ ಏರಿನ ಮೇಲಿನ ಮನೆಗಳಿಗೆ ಒಂದು ಹನಿಯೂ ನುಗ್ಗಿಲ್ಲ. ವಿದ್ಯಾರಣ್ಯಪುರವಿರುವ ಉತ್ತರ ಭಾಗದಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರ ಎಂಬ ಫ್ಲ್ಯಾಟುಗಳ ಸಮುಚ್ಚಯದ ನಿವಾಸಿಗಳನ್ನು 2021ರಲ್ಲಿ ದೋಣಿಗಳಲ್ಲಿ ಹೊರತರಬೇಕಾಯಿತು. ಬಡಾವಣೆಯ ಹೆಸರನ್ನು ಮಾತ್ರ ಹೋಲಿಸದೆ ಆ ರಸ್ತೆಯನ್ನು, ಆ ರಸ್ತೆಯ ಇಳಿಜಾರನ್ನು ಹೋಲಿಸಿ. ಜೋರು ಮಳೆ ಸುರಿದ ಸಂಜೆ ಹೋಗಿ ನಿಂತು ನೋಡಿ. ನೆಲಮಹಡಿಯಲ್ಲಿ ಬಾಡಿಗೆಗಿರುವವರನ್ನು ಮಾತನಾಡಿಸಿ, ಅವರಿಗೆ ಮಾರುವುದೇನೂ ಇರುವುದಿಲ್ಲ.

ಈಗ ನಾವು ಕೊಂಡ ಬೆಲೆಗಿಂತ ಕಡಿಮೆಗೆ ಮನೆಯನ್ನು ಮಾರಾಟಕ್ಕಿಟ್ಟಿದ್ದೇವೆ. ಹಿಂದಿನ ತಿಂಗಳು ಒಬ್ಬ ಯುವ ದಂಪತಿ ಪುಟ್ಟ ಮಗುವಿನೊಂದಿಗೆ ಬಂದು, ಬಾಲ್ಕನಿಯಲ್ಲಿ ನಿಂತು ಬಹಳ ಮೆಚ್ಚಿಕೊಂಡರು. ಅವರನ್ನು ನಾನೇ ಕೆಳಗೆ ಕರೆದುಕೊಂಡು ಹೋಗಿ ಅಂಗಡಿಯ ಫ್ರಿಜ್ಜನ್ನು ತೋರಿಸಿದೆ. ಈಗ ಅದರ ಕೆಳಗೆ ಎಂಟು ಇಟ್ಟಿಗೆಗಳಿವೆ. ಅವರು ಮತ್ತೆ ಕರೆ ಮಾಡಲಿಲ್ಲ.