9900 ಎಂದು ಬರೆದಿದ್ದ ನೀಲಿ ಸೆಲ್

ಹಣೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಕೊಳ್ಳಲು ಹೊರಟವರು ಇದನ್ನೊಮ್ಮೆ ಓದಿಕೊಂಡು ಹೋಗಿ. ಶಿರಸಿಯ ಅಂಗಡಿಯೊಂದರಲ್ಲಿ 450 ರೂಪಾಯಿ ಕೊಟ್ಟು ನಾನು ತಂದದ್ದರ ಡಬ್ಬಿಯ ಮೇಲೆ 90,000 ಲ್ಯೂಮೆನ್ (ಬೆಳಕಿನ ಅಳತೆ) ಎಂದಿತ್ತು, ಒಳಗಿನ ನೀಲಿ ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ). ರಾತ್ರಿ ತೋಟದಲ್ಲಿ ಹಚ್ಚಿದರೆ ಮರದ ತುದಿಯ ಅಡಿಕೆ ಗೊನೆಗಳನ್ನು ಎಣಿಸಬಹುದಿತ್ತು. ಹತ್ತು ನಿಮಿಷದ ಆ ಪರೀಕ್ಷೆಯಲ್ಲಿ ಎಂಥ ಸೆಲ್ಲೂ ಪಾಸಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಭಾವನೊಂದಿಗೆ ದಾಂಡೇಲಿ ಕಾಡಿನ ಕವಳಾ ಗುಹೆಗೆ ಹೋದೆ. ಒಳಗೆ ತೆವಳಿಕೊಂಡು ಸಾಗಬೇಕು, ಕೈಗಳೆರಡೂ ನೆಲಕ್ಕೇ ಬೇಕು. ಇಬ್ಬರಿಗೂ ಒಂದೇ ದೀಪ ಸಾಕು ಎಂದುಕೊಂಡದ್ದು ನನ್ನದೇ ತಪ್ಪು. ಶಿವಲಿಂಗ ನೋಡಿ ಹಿಂದಿರುಗುವಾಗ ಬೆಳಕು ಮಂಕಾಯಿತು, ಎರಡು ಸಲ ಮಿಟುಕಿತು, ಹೋಯಿತು. ಹಚ್ಚಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ತಲೆಯ ಮೇಲೆ ಬಾವಲಿಗಳ ಪಟಪಟ. "ಅಲ್ಲಾಡಬೇಡ, ಮೊಬೈಲ್ ತೆಗೆಯುತ್ತೇನೆ" ಎಂದ ಭಾವ. ಕೆಸರುಗೈಗೆ ಪರದೆ ಜಪ್ಪಯ್ಯ ಎನ್ನಲಿಲ್ಲ. ಅಂಗಿಗೆ ಒರೆಸಿ ಒರೆಸಿ ಕೊನೆಗೂ ಹಚ್ಚಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದೆ ತೆವಳಿದ. ನನ್ನ ಮೊಣಕಾಲಿನ ಗಾಯ ಇನ್ನೂ ಒಣಗಿಲ್ಲ.

ಮನೆಗೆ ಬಂದವನೇ ಸೆಲ್ಲನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ: 28 ಗ್ರಾಂ. ಇದು 18650 ಅಳತೆಯ ಲಿಥಿಯಂ ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅಸಲಿಯಾದರೆ 45 ಗ್ರಾಂ ಆಸುಪಾಸು ತೂಗುತ್ತದೆ. ಹೆಸರಾಂತ ಕಂಪನಿಗಳೇ ಇಷ್ಟು ಜಾಗದಲ್ಲಿ ತುಂಬುವುದು ಹೆಚ್ಚೆಂದರೆ 3500ರಿಂದ 4000 ಎಂಎಎಚ್. 9900 ಎಂದು ಕಂಡರೆ ಸುಳ್ಳು, ತಕ್ಕಡಿಯೂ ಬೇಡ. ಇಂಥ ಸೆಲ್ಲನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಲೇಬೇಡಿ. ಲಿಥಿಯಂ ಬಿಸಿಯೇರಿದರೆ ಬೆಂಕಿಯೇ.

ಲ್ಯೂಮೆನ್ ಲೆಕ್ಕ ಬಿಟ್ಟು ಎಷ್ಟು ಗಂಟೆ ಉರಿಯುತ್ತದೆ ಎಂದು ಕೇಳಿ. ಗುಹೆಯಲ್ಲಿ 200–300 ಲ್ಯೂಮೆನ್ ಧಾರಾಳ, ಅದೂ ಕಾಲಬುಡಕ್ಕೆ ಹರಡುವಂಥದ್ದು. ದೂರಕ್ಕೆ ಚುಚ್ಚುವ ಜೂಮ್ ಬೆಳಕು ಅಲ್ಲಿ ದಂಡ. ಹೊರಡುವ ಮುನ್ನ ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ, ಆರುವ ತನಕ ಹಚ್ಚಿಟ್ಟು ಗಡಿಯಾರ ನೋಡಿ. ಗುಹೆ ಹೊಕ್ಕು ಪಳಗಿದವರು ಒಬ್ಬೊಬ್ಬರೂ ಮೂರು ದೀಪ ಒಯ್ಯುತ್ತಾರಂತೆ. ಮೊದಲು ಕೇಳಿದಾಗ ನಕ್ಕಿದ್ದೆ.

ಸೆಲ್ಲನ್ನು ಹಿಡಿದು ಅಂಗಡಿಗೂ ಹೋಗಿ ತೂಕದ ವಿಷಯ ಹೇಳಿದೆ. ಅಂಗಡಿಯವರು ತಲೆಯನ್ನೂ ಎತ್ತಲಿಲ್ಲ. "ತೂಕ ಮಾಡಿ ಕೊಳ್ಳಲು ಇದೇನು ಅಡಿಕೆಯೇ, ಹೆಗಡೆಯವರೇ?"