ಟೆಕ್ನೋಗೆ ಮೈಸೂರಿನ ಬಾಡಿಗೆ ಸೌಂಡ್ ಒಗ್ಗುತ್ತದೆಯೇ?

ಟೆಕ್ನೋ ಅಂದರೆ ಯಂತ್ರಗಳಲ್ಲಿ ನುಡಿಸುವ ಕುಣಿತದ ಸಂಗೀತ. ಅದರ ಕಲಾವಿದರಾದ ಅಮೆರಿಕದ ಡೆಟ್ರಾಯಿಟ್‌ನ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಜೆಫ್ ಮಿಲ್ಸ್ ಅವರನ್ನು ಎದುರು ನಿಂತು ಕೇಳಿದವರಿಗೆ ಗೊತ್ತು: ಟೆಕ್ನೋದ ಕಿಕ್, ಅಂದರೆ ಡ್ರಮ್ಮಿನ ದಪ್ಪ ಪೆಟ್ಟು, ಕಿವಿಗಲ್ಲ, ಎದೆಗೆ ಬಡಿಯಬೇಕು. ಆ ಅಳತೆಗೋಲು ಹಿಡಿದರೆ ಮೈಸೂರಿನಲ್ಲಿ ಸಿಗುವ ಬಾಡಿಗೆ ಸೌಂಡ್ ಸೆಟ್‌ಗೆ ಅರ್ಧ ಅಂಕ. ನಾಲ್ಕು 18 ಇಂಚಿನ ಸಬ್ (ಬಾಸ್‌ಗೆಂದೇ ಇರುವ ಸ್ಪೀಕರ್), ಎರಡು ಟಾಪ್ (ಉಳಿದ ಸದ್ದಿನ ಸ್ಪೀಕರ್), ಒಂದು ಮಿಕ್ಸರ್. ಸಾಮಾನು ಕೆಟ್ಟದ್ದಲ್ಲ, ಜೋಡಿಸುವ ರೀತಿ ಮಾತ್ರ ಮದುವೆ ಆರ್ಕೆಸ್ಟ್ರಾದ್ದು.

ಮುಖ್ಯ ತೊಂದರೆ ಸಬ್‌ಗಳದ್ದು. ವೇದಿಕೆಯ ಎಡಕ್ಕೆರಡು, ಬಲಕ್ಕೆರಡು ಇಡುತ್ತಾರೆ. ಕಿಕ್‌ನಂಥ ಬಾಸ್ ಸದ್ದಿನ 60 ಹರ್ಟ್ಸ್ ಅಲೆಯ ಉದ್ದ ಸುಮಾರು 5.7 ಮೀಟರ್. ಹಾಗಾಗಿ ಒಂದು ಬದಿ ಇನ್ನೊಂದಕ್ಕಿಂತ ಅದರ ಅರ್ಧದಷ್ಟು, ಸುಮಾರು 2.85 ಮೀಟರ್, ದೂರವಾಗುವ ಕಡೆ ಎರಡೂ ಸದ್ದು ಪರಸ್ಪರ ನುಂಗಿಕೊಳ್ಳುತ್ತವೆ. ನಡುವೆ ನಿಂತವನಿಗೆ ಹಬ್ಬ, ನಾಲ್ಕು ಹೆಜ್ಜೆ ಸರಿದವನಿಗೆ ಬರೀ ಹೈ-ಹ್ಯಾಟ್‌ ತಾಳದ ಚಿಕ್ ಚಿಕ್. ನಾಲ್ಕನ್ನೂ ವೇದಿಕೆ ಮುಂದೆ ನಡುವಿಗೆ ಒತ್ತೊತ್ತಾಗಿ ಇಡಿಸಿ, ಮೋನೋ ಕೊಡಿಸಿ, ಅಂದರೆ ಎಲ್ಲಕ್ಕೂ ಒಂದೇ ಸದ್ದು. ಸೌಂಡ್ ಸೆಟ್‌ನ ಹುಡುಗರು "ಸ್ಟೀರಿಯೋ ಹೋಗುತ್ತೆ ಸಾರ್" ಅನ್ನುತ್ತಾರೆ. ಹೋಗಲಿ, ಬಾಸ್‌ಗೆ ಅದು ಬೇಡ.

1983ರ ಟಿಆರ್-909 ಥರದ ಡ್ರಮ್ ಮೆಷಿನ್ ಮಿಕ್ಸರ್‌ಗೆ ನೇರ ಹಾಕಿದರೆ ಕಿಕ್‌ನ ಮೊದಲ ಪೆಟ್ಟಿಗೇ ಸದ್ದು ಮಿತಿ ಮೀರಿದೆ ಅನ್ನುವ ಕೆಂಪು ದೀಪ. ಒಳಬರುವ ಸದ್ದಿನ ಗುಂಡಿ ಗೇನ್ ಇಳಿಸಿ, ಹೊರಹೋಗುವ ಸದ್ದಿನ ಜಾರುಗುಂಡಿ ಫೇಡರ್ ಅಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದಾಗ ಗುಂಯ್ ಅಂದರೆ ನಡುವೆ ಡಿಐ ಬಾಕ್ಸ್ (ಲ್ಯಾಪ್‌ಟಾಪ್ ಸದ್ದನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಹಾಕಿ, ಅದರ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕೀಳಬೇಡಿ, ಶಾಕ್ ಹೊಡೆಯುತ್ತದೆ. ಡಿಐ ಬಾಕ್ಸನ್ನು ನೀವು ಕೇಳದೆ ಬಾಡಿಗೆಯವರು ತರುವುದಿಲ್ಲ. ಬಯಲಲ್ಲಾದರೆ ರಾತ್ರಿ 10ಕ್ಕೆ ಮೈಕ್ ಬಂದ್, ಸೌಂಡ್ ಚೆಕ್ ಮಧ್ಯಾಹ್ನವೇ ಮುಗಿಸಿ.